ಶೀಟು ಕಾಲೇಜು

ಕಳೆದ ವಾರ ಗುರುವಾಯನಕೆರೆಯಲ್ಲಿ ಬಸ್ಸಿಗೆ ಕಾಯುತ್ತಾ ನಿಂತಿದ್ದಾಗ ಒಂದು ಪಿಕಪ್ ಬಂದು ಎದುರಿಗೇ ನಿಂತಿತು. ಹಿಂದೆ ತುಂಬ ರಬ್ಬರ್ ಶೀಟು. ಶೀಟು ಒಣಗಿಸುವ ಹೊಗೆಗೂಡಿನಿಂದ ಆಗಷ್ಟೇ ತೆಗೆದದ್ದಿರಬೇಕು, ಹುಳಿ ಹುಳಿಯಾದ, ಹೊಗೆ ಸೇರಿದ ಆ ವಾಸನೆ ನಿಂತವರ ಮೂಗಿಗೆಲ್ಲ ಹೊಡೆಯಿತು. ನನ್ನ ಪಕ್ಕದಲ್ಲಿದ್ದ ಒಬ್ಬರು ಹೆಂಗಸು ಸೆರಗನ್ನು ಮೂಗಿಗೆ ಹಿಡಿದು ಮಗಳಿಗೆ ಹೇಳಿದರು: "ನೋಡು, ಮಾರ್ಕು ಕಡಿಮೆ ಆದ್ರೆ ನಿನಗೂ ಇದೇ ವಾಸನೆಯ ಕಾಲೇಜು." ಹುಡುಗಿ ನಕ್ಕಳು. ನನಗೆ ನಗು ಬರಲಿಲ್ಲ. "ಆ ಕಾಲೇಜಿನಲ್ಲಿ ಓದಿದವಳು ನಾನು" ಎಂದೆ. ಅವರು ಸೆರಗು ಇಳಿಸಿ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಹೌದಾ? ನಿಮ್ಮನ್ನು ನೋಡಿದ್ರೆ ಹಾಗೆ ಕಾಣುದಿಲ್ಲ" ಎಂದರು. ಹೊಗಳಿದೆ ಅಂತಲೇ ಅವರು ತಿಳಿದದ್ದು. ಅಷ್ಟರಲ್ಲಿ ಬಸ್ಸು ಬಂತು, ಹತ್ತಿ ಕೂತೆ. ಕೂತ ಮೇಲೂ ಸಿಟ್ಟು ಇಳಿಯಲಿಲ್ಲ. ಆ ಮೊದಲನೆಯ ವರ್ಷ ಇಡೀ ಒಮ್ಮೆ ತಲೆಯೊಳಗೆ ಓಡಿತು.

ಕಾಲೇಜು ಇರುವುದು ಅಳದಂಗಡಿಗೆ ಹೋಗುವ ದಾರಿಯಲ್ಲಿ, ಕುಂಟಲಗುಡ್ಡೆ ಎಂಬಲ್ಲಿ. ಬೋರ್ಡಿನಲ್ಲಿ ಸರಕಾರಿ ಪ್ರಥಮ ದರ್ಜೆ ಕಾಲೇಜು ಅಂತ ದೊಡ್ಡದಾಗಿ ಬರೆದುಂಟು. ಆ ಹೆಸರನ್ನು ಪೂರ್ತಿ ಹೇಳಿದವರನ್ನು ನಾನು ಆಗ ಕಂಡದ್ದೇ ಇಲ್ಲ. ಎಲ್ಲರ ಬಾಯಲ್ಲಿ ಅದು ಶೀಟು ಕಾಲೇಜು. ಮಾಡಿಗೆ ಹಾಕಿದ್ದು ತಗಡಿನ ಶೀಟು, ಅದೊಂದು ಕಾರಣ. ಪಕ್ಕದ ತೋಟದವರ ರಬ್ಬರ್ ಹೊಗೆಗೂಡು ನಮ್ಮ ಮೈದಾನಕ್ಕೆ ತಾಗಿಕೊಂಡೇ ಇತ್ತು, ಅದು ಇನ್ನೊಂದು. ಗಾಳಿ ಈಚೆಗೆ ಬೀಸಿದರೆ ಪುಸ್ತಕಕ್ಕೂ ಚೂಡಿದಾರಕ್ಕೂ ಅದೇ ವಾಸನೆ. ಸಂಜೆ ನಾವು ಬಸ್ಸು ಹತ್ತಿದ ಕೂಡಲೇ ಕಿಟಕಿಯ ಗಾಜು ಸರಿಸುವವರಿದ್ದರು. ಇದರ ಮೇಲೆ ಒಂದು ಮಾತು ಬೇರೆ ಕಟ್ಟಿಟ್ಟಿದ್ದರು: ಸೀಟು ಸಿಗದವರಿಗೆ ಶೀಟು. ಯಾರು ಕಟ್ಟಿದ್ದೋ ಗೊತ್ತಿಲ್ಲ, ಅವರಿಗೆ ಬೇರೆ ಕೆಲಸ ಇರಲಿಲ್ಲ ಅಂತ ಕಾಣುತ್ತದೆ.

ನಮ್ಮ ಪಪ್ಪನದ್ದು ಬೆಳ್ತಂಗಡಿ ಪೇಟೆಯ ಈಚೆ ಬದಿಯಲ್ಲಿ ಒಂದು ಸಣ್ಣ ಹೋಟೆಲು. ಬೆಳಿಗ್ಗೆ ಬನ್ಸು, ಸಂಜೆ ಗೋಳಿಬಜೆ, ಮಧ್ಯಾಹ್ನ ಊಟ. ಮನೆ ಹೋಟೆಲಿನ ಹಿಂದೆಯೇ. ಪಿಯುಸಿಯನ್ನು ನಾನು ಮೆಲ್ಕಾರಿನ ಅತ್ತೆಯ ಮನೆಯಲ್ಲಿದ್ದು ಬಂಟ್ವಾಳದಲ್ಲಿ ಮಾಡಿದ್ದು. ಮಾರ್ಕು ಚೆನ್ನಾಗಿಯೇ ಬಂತು. ಅತ್ತೆಯ ಮಗಳು ಪ್ರಜ್ಞಾ ಮೂಡುಬಿದಿರೆಯ ಒಂದು ದೊಡ್ಡ ಕಾಲೇಜಿಗೆ ಹೋಗುವುದು ಅಂತ ಮೊದಲೇ ಆಗಿತ್ತು. ಅವಳ ಫಾರ್ಮಿನ ಜೊತೆ ನನಗೂ ಒಂದು ಫಾರ್ಮು ಬಂತು. ಪಪ್ಪ ಅದನ್ನು ದೇವರ ಪಟದ ಕೆಳಗೆ ಇಟ್ಟು ಕೈಮುಗಿದಿದ್ದರು.

ಆ ಫಾರ್ಮಿಗೆ ಅಂಟಿಸುವ ಅಂಕಪಟ್ಟಿಯ ನಕಲಿಗೆ ಗೆಜೆಟೆಡ್ ಅಧಿಕಾರಿಯ ಸಹಿ ಬೇಕಿತ್ತು. ಹತ್ತಿರದಲ್ಲಿ ಸಿಗುವವರು ಕುಂಟಲಗುಡ್ಡೆಯ ಪ್ರಿನ್ಸಿಪಾಲರು ಅಂತ ಯಾರೋ ಹೇಳಿದರು, ಹೋದೆ. ಪ್ರಿನ್ಸಿಪಾಲರು ಮೀಟಿಂಗಿನಲ್ಲಿದ್ದರು. ಹೊರಗೆ ಜಗಲಿಯಲ್ಲಿ ನಾಲ್ಕೈದು ಮಂದಿ ವಿದ್ಯಾರ್ಥಿಗಳು ಒಂದು ಕಲ್ಲಿನ ಸುತ್ತ ಕೂತಿದ್ದರು. ಕಲ್ಲಿಗೆ ಒದ್ದೆ ಕಾಗದ ಹಚ್ಚಿ ಬ್ರಶ್ಶಿನಿಂದ ಮೆಲ್ಲಗೆ ಬಡಿಯುತ್ತಿದ್ದರು. ಜೊತೆಗೊಬ್ಬ ಸಪೂರದ ಮೇಷ್ಟ್ರು. ನಾನು ಇಣುಕುವುದನ್ನು ನೋಡಿ, "ಏನಮ್ಮ, ನೋಡ್ತಾ ನಿಂತ್ಕೊಂಡ್ರೆ ಹೇಗೆ? ಕೈ ತೊಳ್ಕೊಂಡು ಬಾ, ಈ ಮೂಲೆ ಹಿಡ್ಕೋ" ಎಂದರು. ಹಿಡಿದೆ. ಕಾಗದ ಅರ್ಧ ಒಣಗಿದ ಮೇಲೆ ಅವರು ಶಾಯಿಯ ಬಟ್ಟೆಯುಂಡೆಯನ್ನು ಅದರ ಮೇಲೆ ಒತ್ತುತ್ತಾ ಹೋದರು. ಕಾಗದ ಕಪ್ಪಾಯಿತು, ಕಲ್ಲಿನಲ್ಲಿ ಕಣ್ಣಿಗೆ ಕಾಣದೇ ಇದ್ದ ಅಕ್ಷರಗಳು ಬೆಳ್ಳಗೆ ಎದ್ದು ಬಂದವು. ಇದಕ್ಕೆ ಪಡಿಯಚ್ಚು ಅನ್ನುತ್ತಾರೆ ಅಂತ ನನಗೆ ಗೊತ್ತಾದದ್ದು ಆವತ್ತು. ಯಾವಾಗಲೋ ಯಾರೋ ಕುಟ್ಟಿ ಕುಟ್ಟಿ ಕೊರೆದ ಒಂದು 'ಶ್ರೀ' ನನ್ನ ಬೆರಳಿನ ಬುಡದಲ್ಲೇ ಇತ್ತು. ಎರಡು ಬಸ್ಸು ತಪ್ಪಿಹೋದದ್ದು ನನಗೆ ತಿಳಿಯಲೇ ಇಲ್ಲ.

ಸಹಿ ಹಾಕಿಸಿಕೊಂಡು ಮನೆಗೆ ಬಂದು ಪಪ್ಪನಿಗೆ ಹೇಳಿದೆ, ನಾನು ಅಲ್ಲಿಗೇ ಸೇರುತ್ತೇನೆ, ಇತಿಹಾಸ ತೆಗೆದುಕೊಳ್ಳುತ್ತೇನೆ.

"ಎಲ್ಲಿಗೆ?"

"ಕುಂಟಲಗುಡ್ಡೆಗೆ."

ಪಪ್ಪ ಬನ್ಸಿನ ಹಿಟ್ಟಿನಿಂದ ಕೈ ತೆಗೆದು ನನ್ನ ಮುಖವನ್ನೇ ನೋಡಿದರು. "ನಿನಗೆ ತಲೆ ಸರಿ ಉಂಟಾ? ಜನ ಸೀಟು ಕೇಳಿಕೊಂಡು ಕಾಲು ಹಿಡೀತಾರೆ. ನಿನಗೆ ಸಿಕ್ಕಿದ್ದು ಬೇಡವಾ?"

ಅತ್ತೆ ಫೋನಿನಲ್ಲಿ ಇನ್ನೂ ಬಿಡಿಸಿ ಹೇಳಿದರು. ಅಲ್ಲಿ ಪಾಠ ಆಗುವುದಿಲ್ಲ. ಮಧ್ಯಾಹ್ನದ ಮೇಲೆ ಯಾರೂ ಇರುವುದಿಲ್ಲ. ಹುಡುಗಿಯರು ಮದುವೆ ನಿಶ್ಚಯ ಆಗುವವರೆಗೆ ಹೊತ್ತು ಕಳೆಯಲಿಕ್ಕೆ ಹೋಗುವುದು. "ನಾಳೆ ನೋಡ್ಲಿಕ್ಕೆ ಬಂದವರು ಹುಡುಗಿ ಎಲ್ಲಿ ಓದಿದ್ದು ಅಂತ ಕೇಳಿದ್ರೆ ಎಂತ ಹೇಳುದು? ಶೀಟಿನಲ್ಲಿ ಅಂತಲಾ?" ಅತ್ತೆ ಎಂದೂ ಕುಂಟಲಗುಡ್ಡೆಯಲ್ಲಿ ಬಸ್ಸಿಳಿದವರಲ್ಲ. ಆದರೂ ಅಲ್ಲಿಯ ಮಧ್ಯಾಹ್ನ ಅವರಿಗೆ ಚೆನ್ನಾಗಿ ಗೊತ್ತಿತ್ತು.

ಮೂರು ದಿನ ಮನೆಯಲ್ಲಿ ಮಾತಿಲ್ಲ. ನಾಲ್ಕನೆಯ ದಿನ ಪಪ್ಪನೇ ಒಂದು ದಾರಿ ಮಾಡಿದರು. "ಒಂದು ವರ್ಷ ಹೋಗಿ ಬಾ. ಬರುವ ಜೂನಿಗೆ ಟಿ.ಸಿ. ತೆಗೆದು ಮೂಡುಬಿದಿರೆ. ನಾನು ಅಲ್ಲಿ ಮಾತಾಡಿ ಇಟ್ಟಿದ್ದೇನೆ. ಇದಕ್ಕೆ ಒಪ್ಪುದಾದ್ರೆ ಹೋಗು." ಒಪ್ಪಿದೆ. ಒಂದು ವರ್ಷದೊಳಗೆ ಇವರ ಮನಸ್ಸು ತಿರುಗಿಸಬಹುದು ಅಂತ ನನಗೆ ಧೈರ್ಯ. ನನ್ನ ಮನಸ್ಸು ತಿರುಗೀತು ಅಂತ ಅವರಿಗೆ.

ಜೂನಿನಲ್ಲಿ ಕ್ಲಾಸು ಶುರುವಾಯಿತು, ಮಳೆಯೂ ಶುರುವಾಯಿತು. ನಮ್ಮ ಮಳೆ ತಗಡಿನ ಮೇಲೆ ಬಿದ್ದರೆ ಎದುರಿಗೆ ನಿಂತು ಕೂಗಿದರೂ ಕೇಳುವುದಿಲ್ಲ. ಇತಿಹಾಸದ ತಿಪ್ಪೇಸ್ವಾಮಿ ಸರ್, ಜಗಲಿಯಲ್ಲಿ ನನಗೆ ಕಾಗದದ ಮೂಲೆ ಹಿಡಿಸಿದವರು, ಚಿತ್ರದುರ್ಗದ ಕಡೆಯವರು. ಮಳೆಯನ್ನೇ ಸರಿಯಾಗಿ ಕಾಣದ ಊರಿನಿಂದ ಬಂದವರು. ಮೊದಲ ವಾರ ಅವರು ಕೂಗಿ ಕೂಗಿ ಗಂಟಲು ಕಳೆದುಕೊಂಡರು. ಆಮೇಲೆ ಬಾಯಿ ಮುಚ್ಚಿ ಇಡೀ ಪಾಠವನ್ನು ಬೋರ್ಡಿನ ಮೇಲೆ ಬರೆಯತೊಡಗಿದರು. ನಮಗೆ ಸಂಶಯ ಬಂದರೆ ಚೀಟಿಯಲ್ಲಿ ಬರೆದು ಮುಂದೆ ಕಳಿಸಬೇಕು, ಅವರು ಅದಕ್ಕೆ ಬೋರ್ಡಿನ ಮೂಲೆಯಲ್ಲಿ ಉತ್ತರ ಬರೆಯುತ್ತಿದ್ದರು. ಹೀಗೆ ಆಗಸ್ಟಿನವರೆಗೆ ನಮ್ಮದು ಬರೆಯುವ ಕ್ಲಾಸು. ಬಾಯಿಬಿಟ್ಟು ಕೇಳಲು ನಾಚುವವರು ಚೀಟಿಯಲ್ಲಿ ಧಾರಾಳ ಕೇಳಿದರು. ಒಂದು ಸಾಲು ನೆಟ್ಟಗೆ ಬರೆಯಲು ನಾನು ಕಲಿತದ್ದು ಆ ಮಳೆಯಲ್ಲಿ.

ಎಲ್ಲ ಚೆನ್ನಾಗಿತ್ತು ಅಂತ ನಾನು ಹೇಳುವುದಿಲ್ಲ. ಇಂಗ್ಲಿಷಿಗೆ ಎರಡು ತಿಂಗಳು ಜನವೇ ಇರಲಿಲ್ಲ. ಹುಡುಗಿಯರ ಶೌಚಾಲಯಕ್ಕೆ ನೀರು ಬಾವಿಯಿಂದ ಹೊರಬೇಕಿತ್ತು. ತಿಪ್ಪೇಸ್ವಾಮಿ ಸರ್ ಅತಿಥಿ ಉಪನ್ಯಾಸಕರು, ಬರುವ ವರ್ಷ ಇರುತ್ತಾರೋ ಇಲ್ಲವೋ ಅಂತ ಅವರಿಗೇ ಗೊತ್ತಿರಲಿಲ್ಲ. ಬೆಳಗಾಗುವ ಮೊದಲೇ ಎದ್ದು ರಬ್ಬರ್ ಮರದ ಹಾಲು ತೆಗೆಯುವ ಟ್ಯಾಪಿಂಗ್ ಮುಗಿಸಿ ಬಂದವರು ಮೊದಲನೇ ಪಿರಿಯಡ್ಡಿನಲ್ಲಿ ತೂಕಡಿಸುತ್ತಿದ್ದರು. ಇದನ್ನೆಲ್ಲ ಹೇಳಿ ಬೈಯಿರಿ, ನಾನೂ ಜೊತೆಗೆ ನಿಂತು ಬೈಯುತ್ತೇನೆ. ನೀರಿಲ್ಲ ಅಂತ ಬೈಯುವುದು ಬಿಟ್ಟು ಅಲ್ಲಿ ಓದುವವರಿಗೆ ತಲೆಯಿಲ್ಲ ಅಂದರೆ ನಾನು ಕೇಳಿಸಿಕೊಂಡು ಸುಮ್ಮನಿರುವವಳಲ್ಲ.

ಸುಮ್ಮನಿರಲೂ ಇಲ್ಲ. ಬಸ್ಸಿನಲ್ಲಿ, ಮದುವೆಮನೆಯಲ್ಲಿ ಯಾರು ಮೂಗು ಮುರಿದರೂ ನನ್ನ ಉತ್ತರ ಸಿದ್ಧ: "ನನಗೆ ಮೂಡುಬಿದಿರೆಯಲ್ಲಿ ಸೀಟು ಸಿಕ್ಕಿತ್ತು, ನಾನೇ ಬಿಟ್ಟದ್ದು." ಇದನ್ನು ಹೇಳಿ ಗೆದ್ದೆ ಅಂತ ಎದೆಯುಬ್ಬಿಸಿ ಕೂರುತ್ತಿದ್ದೆ. ಒಂದು ದಿನ ಬಸ್ಸಿನಲ್ಲಿ ಪಕ್ಕದಲ್ಲಿದ್ದ ನಫೀಸಾ ಇದನ್ನು ಕೇಳಿದಳು. ಅಳದಂಗಡಿಯಲ್ಲಿ ಬಟ್ಟೆ ಅಂಗಡಿ ಇಟ್ಟವರ ಮಗಳು, ನನ್ನ ಬೆಂಚಿನವಳು. ಮನೆಯಿಂದ ಒಂದೇ ಬಸ್ಸಿನಲ್ಲಿ ಹೋಗಿ ಬರುವ ಕಾಲೇಜಾದರೆ ಮಾತ್ರ ಓದು ಅಂತ ಅವಳ ಬಾಪ ಹೇಳಿದ್ದರು. ಅಂಥ ಕಾಲೇಜು ಇದ್ದದ್ದು ಇದೊಂದೇ.

"ಹಾಗಾದ್ರೆ ನಾವೆಲ್ಲ ಶೀಟು, ನೀನೊಬ್ಬಳು ಅಲ್ಲ. ಹಾಗಾ ಮಾರಾಯ್ತಿ?" ಎಂದಳು.

ಅವಳು ಮತ್ತೆ ಆ ವಿಷಯ ಎತ್ತಲಿಲ್ಲ. ಆ ಉತ್ತರವನ್ನು ನಾನು ಆವತ್ತಿಗೇ ಬಿಟ್ಟೆ. ಬೇರೆ ಉತ್ತರ ಮಾತ್ರ ಸಿಗಲಿಲ್ಲ.

ಮನೆಯಲ್ಲಿ ಪಪ್ಪನ ಉತ್ತರ ಬೇರೆಯೇ ಇತ್ತು. ಅದು ನನ್ನ ಕಿವಿಗೆ ಬಿದ್ದದ್ದು ಸೆಪ್ಟೆಂಬರಿನಲ್ಲಿ. ಒಳಗೆ ಚಟ್ನಿ ಬೀಸುತ್ತಿದ್ದೆ. ಹೊರಗೆ ಗಿರಾಕಿಯೊಬ್ಬರು, "ಮಗಳು ಈಗ ಎಲ್ಲಿ ಓದುದು?" ಎಂದು ಕೇಳಿದರು. ಪಪ್ಪ ಚಹಾ ಎತ್ತಿ ಹೊಯ್ಯುತ್ತಾ, "ಮೂಡುಬಿದಿರೆ ಕಡೆ" ಎಂದರು. ಗಿರಾಕಿ ತಲೆದೂಗಿ, "ಒಳ್ಳೇದಾಯ್ತು" ಎಂದರು. ಸುಳ್ಳು ಅಂತ ಹೇಳುವ ಹಾಗಿಲ್ಲ. ಬೆಳ್ತಂಗಡಿಯಲ್ಲಿ ನಿಂತು ನೋಡಿದರೆ ಕುಂಟಲಗುಡ್ಡೆಯೂ ಆಚೆ ಕಡೆಯೇ. ಅಲ್ಲಿಂದ ಮೂಡುಬಿದಿರೆಗೆ ಮತ್ತೆ ಎರಡು ಬಸ್ಸು ಹಿಡಿಯಬೇಕು, ಆ ಮಾತು ಬೇರೆ. ಆಮೇಲೆ ಎಷ್ಟು ಸಲ ಕೇಳಿದೆನೋ ಲೆಕ್ಕವಿಲ್ಲ. ಮೂಡುಬಿದಿರೆ ಕಡೆ, ಮೂಡುಬಿದಿರೆ ಕಡೆ. ಕೇಳಿದಾಗಲೆಲ್ಲ ನನಗೆ ಅಳು ಬರುತ್ತಿತ್ತು. ನನ್ನನ್ನೇ ಎಲ್ಲೋ ಅಡಗಿಸಿ ಇಟ್ಟಹಾಗೆ ಅನಿಸುತ್ತಿತ್ತು.

ಡಿಸೆಂಬರಿನಲ್ಲಿ ನಮಗೊಂದು ಕಲ್ಲು ಸಿಕ್ಕಿತು. ಅಳದಂಗಡಿಯಿಂದ ಒಳಗೆ ಒಬ್ಬರ ಜಾಗದಲ್ಲಿ ತೋಡಿಗೆ ಅಡ್ಡ ಹಾಕಿದ ಕಲ್ಲಿನ ಸಂಕ. ಆ ಊರಿನವರೆಲ್ಲ ಅದರ ಮೇಲೇ ನಡೆದು ತೋಡು ದಾಟುವುದು. ತೋಡು ಬತ್ತಿದಾಗ ಕೆಳಗಿಳಿದ ಯಾರೋ ಅಡಿಯಲ್ಲಿ ಅಕ್ಷರ ಉಂಟು ಅಂತ ನಫೀಸಾಳ ಬಾಪನ ಅಂಗಡಿಯಲ್ಲಿ ಹೇಳಿದ್ದರು. ಸರ್ ಭಾನುವಾರ ನಮ್ಮನ್ನೆಲ್ಲ ಕರೆದುಕೊಂಡು ಹೋದರು. ಟ್ಯಾಪಿಂಗಿನ ಹುಡುಗರು ಹಾರೆ ಹಾಕಿ ಕಲ್ಲು ಮಗುಚಿದರು, ನಾವು ಪಾಚಿ ಉಜ್ಜಿ ತೊಳೆದೆವು. ಬ್ರಶ್ಶು ಬಡಿಯುವುದರಲ್ಲಿ ನಫೀಸಾಳನ್ನು ಮೀರಿಸುವವರಿಲ್ಲ. ಕಾಗದ ಎಲ್ಲೂ ಹರಿಯುತ್ತಿರಲಿಲ್ಲ. ಪಡಿಯಚ್ಚಿನ ಹಾಳೆಯನ್ನು ಎರಡು ಕೈಯಲ್ಲಿ ಎತ್ತಿ ಹಿಡಿದು, "ಇದು ನಮ್ಮ ಮೂರನೇ ಶೀಟು" ಎಂದಳು. ಎಲ್ಲರೂ ನಕ್ಕರು. ಸರ್‌ಗೆ ಆ ಮಾತು ಅರ್ಥ ಮಾಡಿಸಲು ಸ್ವಲ್ಪ ಹೊತ್ತು ಹಿಡಿಯಿತು.

ಕಲ್ಲಿನ ಅಂಚು ಎರಡೂ ಕಡೆ ಒಡೆದಿತ್ತು. ಸಾಲುಗಳು ಅರ್ಧಂಬರ್ಧ. ನಡುವಿನ ಒಂದು ಸಾಲಿನಲ್ಲಿ 'ಅರಸರ' ಅಂತ ಚೆನ್ನಾಗಿ ಕಾಣುತ್ತಿತ್ತು, ಅದರ ಮುಂದೆ 'ಕಂಡ'. ನಾನು ಓದಿದ್ದೇ ತಡ, ಖುಷಿಯಿಂದ ಕುಣಿದೆ. ತುಳುವಿನಲ್ಲಿ ಕಂಡ ಅಂದರೆ ಗದ್ದೆ. ನಾವು ದಿನಾ ಆಡುವ ಮಾತು. ಅರಸರ ಕಂಡ, ಅರಸರ ಗದ್ದೆ. ಕನ್ನಡದ ಶಾಸನದಲ್ಲಿ ನಮ್ಮ ತುಳುವಿನ ಶಬ್ದ.

ಸರ್‌ಗೆ ತುಳು ಬಾರದು. ಅವರು ಕನ್ನಡಕ ಮೇಲೆ ಮಾಡಿ ಬಹಳ ಹೊತ್ತು ನೋಡಿದರು. "ನಂಗೆ ಕಂಡ ಅಂದ್ರೆ ನೋಡಿದ ಅಂತಲೇ ಹೊಳೆಯೋದು. ನಿಮ್ಮ ಗದ್ದೆನೂ ಆಗಬಹುದು, ಇಲ್ಲ ಅನ್ನಲ್ಲ. ಗೊತ್ತಾಗೋವರೆಗೂ ಇಲ್ಲೊಂದು ಪ್ರಶ್ನೆ ಇರ್ಲಿ" ಎಂದು ನಮ್ಮ ಬರಹದ ಪ್ರತಿಯಲ್ಲಿ ಆ ಶಬ್ದದ ಪಕ್ಕ ಪೆನ್ಸಿಲಿನಲ್ಲಿ ಒಂದು ಪ್ರಶ್ನೆಚಿಹ್ನೆ ಹಾಕಿದರು.

ಫೆಬ್ರವರಿಯಲ್ಲಿ ಮೂಡುಬಿದಿರೆಯ ಪ್ರಜ್ಞಾಳ ಕಾಲೇಜಿನಲ್ಲಿ ವಿದ್ಯಾರ್ಥಿಗಳ ಪ್ರಬಂಧ ಮಂಡನೆ ಇತ್ತು, ಸುತ್ತಿನ ಕಾಲೇಜುಗಳೆಲ್ಲ ಬರುವಂಥದ್ದು. ನಮ್ಮ ಕಾಲೇಜಿನಿಂದ ಅಲ್ಲಿಗೆ ಯಾರೂ ಹೋದದ್ದೇ ಇಲ್ಲವಂತೆ. ಸರ್ ನಮ್ಮಿಬ್ಬರ ಹೆಸರು ಕಳಿಸಿದರು. ಆವತ್ತು ಅವರಿಗೆ ಪರೀಕ್ಷೆಯ ಡ್ಯೂಟಿ, ಬರಲು ಆಗುವುದಿಲ್ಲ. ಬರಹವನ್ನು ಚೊಕ್ಕ ಮಾಡಿ ಟೈಪು ಮಾಡಿಸುವ ಕೆಲಸ ನನ್ನದು. ಮನೆಯಲ್ಲಿ ಕೂತು ಓದುವಾಗ ಆ ಪ್ರಶ್ನೆಚಿಹ್ನೆ ಕಣ್ಣಿಗೆ ಚುಚ್ಚಿತು. ಅಲ್ಲಿ ಪ್ರಜ್ಞಾ ಇರುತ್ತಾಳೆ, ಅವಳ ಗೆಳತಿಯರಿರುತ್ತಾರೆ. ಶೀಟಿನವರಿಗೆ ಇದೂ ಸರಿ ಗೊತ್ತಿಲ್ಲ ಅಂತ ನಗುತ್ತಾರೆ ಅನಿಸಿತು. ರಬ್ಬರು ತೆಗೆದುಕೊಂಡು ಅಳಿಸಿದೆ. ಬರಹದ ಮೇಲೆ 'ಅರಸರ ಕಂಡ: ಒಂದು ಹೊಸ ಶಾಸನ' ಅಂತ ದಪ್ಪ ಅಕ್ಷರದಲ್ಲಿ ಹಾಕಿಸಿದೆ. ನಫೀಸಾಳಿಗೂ ಹೇಳಲಿಲ್ಲ, ಸರ್‌ಗೂ ಹೇಳಲಿಲ್ಲ.

ಮೂಡುಬಿದಿರೆಯ ಆ ಸಭಾಂಗಣದ ಎದುರು ಹೂವಿನ ಕುಂಡಗಳು, ಒಳಗೆ ತಣ್ಣಗೆ ಎಸಿ. ಬಾಗಿಲಲ್ಲಿ ಸೀರೆ ಉಟ್ಟ ಹುಡುಗಿಯರು ಎಲ್ಲರಿಗೂ ಕೈಚೀಲ ಕೊಡುತ್ತಿದ್ದರು. ಪ್ರಜ್ಞಾ ನನ್ನನ್ನು ಕಂಡು ಓಡಿ ಬಂದಳು, ಪ್ರೀತಿಯಿಂದಲೇ. ಹಿಂದೆ ಅವಳ ಮೂವರು ಗೆಳತಿಯರು. ಒಬ್ಬಳು ನಗುತ್ತಾ ನನ್ನಲ್ಲಿ ಕೇಳಿದಳು, "ನೀವು ಯಾವ ಕಾಲೇಜು?"

ನಾನು ಹೇಳಿದೆ, "ಬೆಳ್ತಂಗಡಿ ಕಡೆ."

ನನ್ನ ಬಾಯಿಂದ ಪಪ್ಪನ ಶಬ್ದ ಬಂತು. ಇಷ್ಟು ತಿಂಗಳು ಜಗಳ ಮಾಡಿ, ಬಸ್ಸಿನಲ್ಲಿ ಎಲ್ಲರ ಬಾಯಿ ಮುಚ್ಚಿಸಿ, ಕೊನೆಗೆ ಇದು. ಆ ಹುಡುಗಿ "ಓಕೆ" ಅಂತ ಹೋದಳು. ಅವಳು ಏನೂ ಅನ್ನಲಿಲ್ಲ ಪಾಪ, ಅನ್ನುವ ಮೊದಲೇ ನಾನು ಮುದುರಿಕೊಂಡಿದ್ದೆ. ತಿರುಗಿ ನೋಡಿದರೆ ನಫೀಸಾ ಹಿಂದೆಯೇ ನಿಂತಿದ್ದಳು.

"ಬೆಳ್ತಂಗಡಿ ಕಡೆ ಅಂತ ಕಾಲೇಜು ಯಾವುದು?" ಎಂದಳು. ಮೆಲ್ಲಗೇ ಕೇಳಿದ್ದು. ಮತ್ತೆ ಉತ್ತರಕ್ಕೆ ಕಾಯದೆ ಮೇಜಿನ ಹತ್ತಿರ ಹೋಗಿ, ಅಲ್ಲಿ ಇಟ್ಟಿದ್ದ ಪುಸ್ತಕದಲ್ಲಿ ಎರಡು ಸಾಲು ಹಿಡಿಯುವಷ್ಟು ದೊಡ್ಡದಾಗಿ ಕಾಲೇಜಿನ ಹೆಸರು ಬರೆದಳು. ಕೆಳಗೆ ಸಹಿ ಹಾಕಿದಳು. ಪೆನ್ನು ನನ್ನ ಕೈಗೆ ಕೊಟ್ಟಳು. ನಾನು ಅವಳ ಸಹಿಯ ಕೆಳಗೆ ಸಹಿ ಹಾಕಿದೆ. ನನಗೆ ಅವಳ ಮುಖ ನೋಡಲು ಆಗಲಿಲ್ಲ.

ನಮ್ಮ ಸರದಿ ಊಟದ ಮೊದಲು ಬಂತು. ಓದುವವಳು ನಾನು, ಚಿತ್ರ ತೋರಿಸುವವಳು ಅವಳು. ಓದು ಚೆನ್ನಾಗಿಯೇ ಹೋಯಿತು. ತುಳುವಿನ ಶಬ್ದ ಅಂದಾಗ ಸಭೆಯಲ್ಲಿ ಕೆಲವರು ಚಪ್ಪಾಳೆಯನ್ನೂ ತಟ್ಟಿದರು. ತೀರ್ಪುಗಾರರಲ್ಲಿ ಒಬ್ಬರು ವಯಸ್ಸಾದ ಪ್ರೊಫೆಸರ್ ಇದ್ದರು. ಅವರು ಆ ಪಡಿಯಚ್ಚಿನ ಚಿತ್ರವನ್ನು ಇನ್ನೊಮ್ಮೆ ಹಾಕಲು ಹೇಳಿದರು. ಎದ್ದು ಪರದೆಯ ಹತ್ತಿರ ಹೋಗಿ ಬೆರಳಿಟ್ಟರು.

"ಇಲ್ಲಿ ಡಕಾರದ ಬದಿಯಲ್ಲಿ ಒಂದು ಕೊಂಬು ಕಾಣ್ತದಲ್ಲ ಮಗೂ?"

ನೋಡಿದೆ. ಕಾಣುತ್ತಿತ್ತು. ಸಣ್ಣದು, ತುದಿ ಸವೆದದ್ದು. ಅಷ್ಟು ದೊಡ್ಡ ಪರದೆಯ ಮೇಲೆ ಅದು ತಪ್ಪಿಸಿಕೊಳ್ಳುವ ಹಾಗಿರಲಿಲ್ಲ.

"ಹಾಗಾದ್ರೆ ಕಂಡ ಅಲ್ಲ, ಕಂಡು. ನೋಡಿ ಅಂತ ಅರ್ಥ. ಯಾರೋ ಅರಸರನ್ನು ಕಂಡು ಏನೋ ಮಾಡಿದ್ದಾರೆ. ಗದ್ದೆ ಇಲ್ಲ ಇಲ್ಲಿ" ಎಂದರು. ಅವರು ಬೈಯಲಿಲ್ಲ, ಸಮಾಧಾನದಿಂದಲೇ ಹೇಳಿದರು. ಆದರೆ ಸಭೆ ನಕ್ಕಿತು. ನಗು ಇಳಿಯುವ ಹೊತ್ತಿಗೆ ಹಿಂದಿನ ಸಾಲಿನಿಂದ ಒಂದು ಗಂಡು ದನಿ ಬಂತು: "ಶೀಟು." ಮತ್ತೆ ನಗು, ಈ ಸಲ ಜೋರು.

ನಫೀಸಾ ನನ್ನ ಕಡೆ ನೋಡಲಿಲ್ಲ, ಆ ಪರದೆಯನ್ನೇ ನೋಡುತ್ತಾ ನಿಂತಿದ್ದಳು. ಚಿತ್ರ ತೋರಿಸುವ ಕ್ರಮ ತಪ್ಪದಿರಲಿ ಅಂತ ನಾನೇ ಕೊಟ್ಟ ಮೂಲ ಪ್ರತಿ ಅವಳ ಹತ್ತಿರ ಇತ್ತು. ಅದರಲ್ಲಿ ಪೆನ್ಸಿಲ್ ಅಳಿಸಿದ ಗುರುತು ಅವಳಿಗೆ ಆಗಲೇ ಕಂಡಿರಬೇಕು. ನಾನು ಥ್ಯಾಂಕ್ಸ್ ಹೇಳಿ ಇಳಿದು ಬರಬಹುದಿತ್ತು. ಇಳಿದರೆ ತಪ್ಪು ಶೀಟಿನದ್ದಾಗುತ್ತಿತ್ತು, ತಿಪ್ಪೇಸ್ವಾಮಿ ಸರ್‌ದ್ದಾಗುತ್ತಿತ್ತು, ಇವಳದ್ದೂ ಆಗುತ್ತಿತ್ತು. ನನ್ನದೊಂದು ಬಿಟ್ಟು ಎಲ್ಲರದ್ದೂ ಆಗುತ್ತಿತ್ತು. ಮೈಕು ಮತ್ತೆ ಹತ್ತಿರ ಎಳೆದುಕೊಂಡೆ.

"ಸರ್, ನೀವು ಹೇಳಿದ್ದು ಸರಿ. ನಮ್ಮ ಮೇಷ್ಟ್ರಿಗೂ ಈ ಸಂಶಯ ಇತ್ತು. ಅವರು ಈ ಶಬ್ದದ ಪಕ್ಕ ಪ್ರಶ್ನೆಚಿಹ್ನೆ ಹಾಕಿದ್ದರು. ಅಳಿಸಿದ್ದು ನಾನು. ಇವಳಿಗೂ ಹೇಳಲಿಲ್ಲ. ಪ್ರಶ್ನೆಚಿಹ್ನೆ ನೋಡಿದ್ರೆ ನೀವೆಲ್ಲ ನಗ್ತೀರಿ ಅಂತ ಹೆದರಿ ಅಳಿಸಿದೆ. ಹಾಗಾಗಿ ತಪ್ಪು ನನ್ನದು, ಕಾಲೇಜಿನದ್ದಲ್ಲ." ಇಷ್ಟು ಹೇಳಿ ಹಿಂದಿನ ಸಾಲನ್ನು ನೋಡಿದೆ. "ಹಿಂದೆ ಯಾರೋ ಕಾಲೇಜಿನ ಹೆಸರು ತಪ್ಪು ಹೇಳಿದ್ರು. ಅದನ್ನೂ ಸರಿ ಮಾಡಿಬಿಡ್ತೇನೆ. ಸರಕಾರಿ ಪ್ರಥಮ ದರ್ಜೆ ಕಾಲೇಜು, ಕುಂಟಲಗುಡ್ಡೆ. ಬೆಳಿಗ್ಗೆ ಟ್ಯಾಪಿಂಗ್ ಮಾಡಿ ಬರುವವರು ಈ ಕಲ್ಲು ಮಗುಚಿದ್ದು. ಪಡಿಯಚ್ಚು ತೆಗೆದದ್ದು ಇವಳು, ನಫೀಸಾ. ನಿಮಗೆ ಆ ಕೊಂಬು ಇಷ್ಟು ದೂರದಿಂದ ಕಂಡದ್ದು ಇವಳು ಅಷ್ಟು ಚೆನ್ನಾಗಿ ತೆಗೆದದ್ದರಿಂದ."

ಯಾರೂ ನಗಲಿಲ್ಲ. ಚಪ್ಪಾಳೆಯೂ ಬೀಳಲಿಲ್ಲ. ಪ್ರೊಫೆಸರ್ ಮಾತ್ರ ಪಡಿಯಚ್ಚಿನ ಕಡೆ ನೋಡಿ, "ಅದು ನಿಜ, ಅಚ್ಚು ಬಹಳ ಚೊಕ್ಕ ಉಂಟು" ಎಂದು ಹೇಳಿ ತಮ್ಮ ಕುರ್ಚಿಗೆ ಹೋದರು. ನಮಗೆ ಬಹುಮಾನ ಬರಲಿಲ್ಲ. ವಾಪಸು ಬರುವಾಗ ಬಸ್ಸಿನಲ್ಲಿ ವೇಣೂರು ದಾಟಿದ ಮೇಲೆ ನಫೀಸಾ ಚೀಲದಿಂದ ಮೂಲ ಪ್ರತಿ ತೆಗೆದು ನನ್ನ ಮಡಿಲಿಗೆ ಹಾಕಿ, "ಪೆನ್ಸಿಲು ಉಂಟಾ?" ಎಂದಳು. ಇತ್ತು. ಅಳಿಸಿದ ಜಾಗದಲ್ಲಿ ಕೊಂಬು ಬರೆದೆ. ಬಸ್ಸು ಕುಲುಕಿ ಅದು ಸೊಟ್ಟ ಆಯಿತು. "ನಿನ್ನ ಕೊಂಬು ಕಡಿಮೆ ಆದದ್ದು ಒಳ್ಳೇದೇ ಆಯ್ತು" ಎಂದಳು. ಆಗ ನಾನು ಅತ್ತುಬಿಟ್ಟೆ, ಅವಳು ನಕ್ಕಳು.

ಸರ್‌ಗೆ ಮರುದಿನ ಎಲ್ಲ ಹೇಳಿದೆ. ಬೈಯುತ್ತಾರೆ ಅಂತ ಕಾದೆ. ಅವರು ಕನ್ನಡಕ ತೆಗೆದು ಒರೆಸಿ, "ಕೊಂಬು ನನ್ನ ಕಣ್ಣಿಗೂ ಬಿದ್ದಿರ್ಲಿಲ್ವಲ್ಲ. ಭಾನುವಾರ ಬೆಳಿಗ್ಗೆ ಓರೆ ಬಿಸಿಲಲ್ಲಿ ಇನ್ನೊಂದ್ಸಲ ನೋಡೋಣ, ಬರ್ತೀರಾ?" ಎಂದರು. ಹೋದೆವು. ಓರೆ ಬಿಸಿಲಿನಲ್ಲಿ ಕೊಂಬು ಮಾತ್ರ ಅಲ್ಲ, ಅಂಚಿನಲ್ಲಿ ಇನ್ನೂ ಎರಡು ಅಕ್ಷರ ಕಂಡವು. ಅವುಗಳ ಪಕ್ಕ ನಾನೇ ಪ್ರಶ್ನೆಚಿಹ್ನೆ ಹಾಕಿದೆ.

ಮನೆಯಲ್ಲಿ ಮಾತ್ರ ನಾನು ಬಸ್ಸಿಳಿದು ಬಂದ ಆ ಸಂಜೆಯೇ ಬೇರೆ ಆಗಿತ್ತು. ಮೂಡುಬಿದಿರೆಯ ಸುದ್ದಿ ನಾನು ತಲುಪುವ ಮೊದಲೇ ಮೆಲ್ಕಾರಿನಿಂದ ಫೋನಿನಲ್ಲಿ ಬಂದಿತ್ತು. ಪಪ್ಪ ಸಂಜೆಯ ಬಜೆಯ ಬಾಣಲೆ ಇಳಿಸಿ ನನ್ನನ್ನೇ ಕಾಯುತ್ತಿದ್ದರು. ಮೇಜಿನ ಮೇಲೆ ಟಿ.ಸಿ.ಗೆ ಬರೆದ ಅರ್ಜಿ, ನನ್ನ ಸಹಿಯ ಜಾಗ ಮಾತ್ರ ಖಾಲಿ.

"ಅಷ್ಟು ಜನರ ಎದುರು ಮರ್ಯಾದೆ ಹೋಯ್ತಂತೆ. ಇದಕ್ಕೇ ನಾನು ಬೇಡ ಹೇಳಿದ್ದು. ಜೂನಿನವರೆಗೆ ಕಾಯುದು ಬೇಡ. ಇದಕ್ಕೆ ಸಹಿ ಹಾಕು."

"ಹೋದದ್ದು ನನ್ನ ಮರ್ಯಾದೆ ಪಪ್ಪ. ಅದೂ ಸ್ಟೇಜಿನಲ್ಲಿ ಅಲ್ಲ, ಬಾಗಿಲಲ್ಲೇ ಹೋಯ್ತು. ಯಾವ ಕಾಲೇಜು ಅಂತ ಕೇಳಿದ್ರೆ ಬೆಳ್ತಂಗಡಿ ಕಡೆ ಅಂತ ಹೇಳಿದೆ. ನೀವು ಗಿರಾಕಿಗಳಿಗೆ ಹೇಳುದನ್ನು ಇಷ್ಟು ತಿಂಗಳು ಕೇಳಿ ಕೇಳಿ ನನಗೂ ಅದೇ ಬಂತು."

ಪಪ್ಪ ಮುಖ ತಗ್ಗಿಸಿದರು. ನಾನು ಒಳಗಿಂದ ಕೇಳಿಸಿಕೊಳ್ಳುತ್ತಿದ್ದೆ ಅಂತ ಅವರಿಗೆ ಗೊತ್ತಿರಲಿಲ್ಲ. ಅವರನ್ನು ಹಾಗೆ ನೋಡಿ ನನಗೆ ಸಂಕಟ ಆಯಿತು. ಆದರೂ ಮಾತು ನಿಲ್ಲಿಸಲಿಲ್ಲ.

"ನಾನು ಸಹಿ ಹಾಕುದಿಲ್ಲ. ನೀವು ಒಂದು ವರ್ಷ ಅಂತ ಹೇಳಿದ್ರಿ, ನಾನು ಒಪ್ಪಿದೆ, ಅದು ಹೌದು. ಆ ಮಾತು ತಪ್ಪಿದ್ದಕ್ಕೆ ಬೈಯಿರಿ, ಬೈಸಿಕೊಳ್ತೇನೆ. ಆದ್ರೆ ನಾನು ಅಲ್ಲೇ ಓದುದು."

ಅವರು ಬೈಯಲಿಲ್ಲ. ಎದ್ದು ಒಲೆಯ ಹತ್ತಿರ ಹೋದರು. ಅರ್ಜಿ ಮೇಜಿನ ಮೇಲೆಯೇ ಎಂಟು ದಿನ ಬಿದ್ದಿತ್ತು. ನಾನು ದಿನಾ ಅದನ್ನು ಎತ್ತಿ ಮೇಜು ಒರೆಸಿ ಮತ್ತೆ ಅಲ್ಲೇ ಇಡುತ್ತಿದ್ದೆ. ನಾನೂ ಹರಿಯಲಿಲ್ಲ, ಅವರೂ ತೆಗೆಯಲಿಲ್ಲ. ಪಪ್ಪ ಹಟಕ್ಕೆ ಬಿದ್ದರೆ ಮೂಡುಬಿದಿರೆಗೆ ಹೋಗದೆ ವಿಧಿಯಿಲ್ಲ ಅಂತ ನನಗೂ ಗೊತ್ತಿತ್ತು. ಆ ಎಂಟು ದಿನ ಕಾಲೇಜಿನ ತಗಡಿನ ಕೆಳಗೆ ಕೂತಾಗ ಇದು ಇನ್ನೆಷ್ಟು ದಿನವೋ ಅನಿಸುತ್ತಿತ್ತು.

ಒಂಬತ್ತನೆಯ ದಿನ ಸಂಜೆ ನಾನು ಒಳಗೆ ಕಾಯಿಮೆಣಸು ಹೆಚ್ಚುತ್ತಿದ್ದೆ. ಹೊರಗೆ ಬಂದಿದ್ದವರು ಉಜಿರೆಗೆ ಹೋಗುವ ದಾರಿಯಲ್ಲಿ ಕಾರು ನಿಲ್ಲಿಸಿದ ಯಾರೋ ಪರಿಚಯದವರು. ಅದು ಇದು ಮಾತಾಡಿ ಕೊನೆಗೆ ಆ ಪ್ರಶ್ನೆಗೇ ಬಂದರು, "ಮಗಳು ಎಲ್ಲಿ ಓದುದು ಈಗ?"

ನನ್ನ ಕತ್ತಿ ನಿಂತಿತು. ಮೂಡುಬಿದಿರೆ ಕಡೆ ಅಂತ ಬರುತ್ತದೆ ಅಂತ ಕಾದೆ. ಪಪ್ಪ ಒಳಗಿನ ಕಡೆ ತಿರುಗಿ ಕರೆದರು.

"ಮಗಾ, ಒಮ್ಮೆ ಬಾ. ಇವರಿಗೆ ನಿನ್ನ ಕಾಲೇಜಿನ ಹೆಸರು ಬೇಕಂತೆ."

ಕೈ ಒರೆಸಿಕೊಂಡು ಹೊರಗೆ ಬಂದೆ. ಪೂರ್ತಿ ಹೆಸರು ಹೇಳಿದೆ, ಊರಿನ ಸಮೇತ.

ಅವರು ಹುಬ್ಬು ಹಾರಿಸಿ ನಕ್ಕರು. "ಓ, ಶೀಟು ಕಾಲೇಜಾ?"

ಪಪ್ಪ ಚಹಾದ ಗ್ಲಾಸನ್ನು ಅವರ ಎದುರು ಇಟ್ಟರು. ತಲೆ ಎತ್ತಲಿಲ್ಲ. ದನಿಯನ್ನೂ ಎತ್ತಲಿಲ್ಲ.

"ಅವಳು ಹೇಳಿದ್ದರಲ್ಲಿ ಶೀಟು ಅಂತ ಎಲ್ಲಿ ಬಂತು?"

ಆ ಮನುಷ್ಯ ಚಹಾ ಕುಡಿದು ಹೋದರು. ನಾನು ಮತ್ತೆ ಎರಡು ವರ್ಷ ಅಲ್ಲೇ ಓದಿದೆ.